ರಿಜಿಸ್ಟರಿನಲ್ಲಿ ಇಲ್ಲದ ಗಾಡಿ

"ಅಷ್ಟು ಹತ್ತಿರ ಬೇಡ ದೊಡ್ಡಣ್ಣ, ಸ್ವಲ್ಪ ಹಿಂದೇನೇ ಇರಿ. ನಾವು ಬೆನ್ನು ಹತ್ತಿದೀವಿ ಅಂತ ಅವನಿಗೆ ಈಗಲೇ ಗೊತ್ತಾಗಬಾರದು."

"ನಮ್ಮ ಜೀಪಿನ ಸದ್ದು ಮೂರು ಬೀದಿ ಆಚೆಗೆ ಕೇಳುತ್ತೆ ಮೇಡಂ. ಅವನೇನು ಕಿವುಡನಾ?"

ಗೊಣಗಿದರೂ ದೊಡ್ಡಣ್ಣ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿದ. ಠಾಣೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವನು ದೊಡ್ಡಣ್ಣನೇ. ಮೂವತ್ತೆರಡು ವರ್ಷ ಸರ್ವೀಸಾದ ಹೆಡ್ ಕಾನ್‌ಸ್ಟೇಬಲ್, ಬೆನ್ನಿಗೊಂದು ದಿಂಬಿಲ್ಲದೆ ಸ್ಟೀರಿಂಗ್ ಮುಟ್ಟುವವನಲ್ಲ.

ಮುಂದೆ ನೂರು ಗಜ ದೂರದಲ್ಲಿ ಬೂದು ಬಣ್ಣದ ಪುಟ್ಟ ಕಾರು ಹೋಗುತ್ತಿತ್ತು. ಹಿಂದಿನ ಬಲಗಡೆ ದೀಪದ ಗಾಜು ಒಡೆದಿದೆ, ಅದರ ಮೇಲೆ ಕೆಂಪು ಟೇಪು ಸುತ್ತಿದ್ದಾರೆ. ಆ ಗಾಜಿನ ಮೂರು ಚೂರುಗಳು ಪಕ್ಕದ ಸೀಟಿನಲ್ಲಿ ಕೂತಿದ್ದ ಟೀಚರಮ್ಮನ ಅಂಗಿ ಜೇಬಿನಲ್ಲಿದ್ದವು. ನಿನ್ನೆ ಸಂಜೆ ನಾಲ್ಕಕ್ಕೆ ಇದೇ ಬೈಪಾಸಿನಲ್ಲಿ ಅವಳ ತಮ್ಮನ ಮೋಟಾರ್‌ಬೈಕಿನ ಪಕ್ಕ ಬಿದ್ದಿದ್ದವು. ಬೈಕು ಸ್ಟ್ಯಾಂಡ್ ಹಾಕಿ ನಿಂತಿತ್ತು, ಕೀಲಿ ಅದರಲ್ಲೇ ಇತ್ತು, ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು. ಟ್ರಾಫಿಕ್ ಕಾನ್‌ಸ್ಟೇಬಲ್ ತಮ್ಮ ಮಾತ್ರ ಇರಲಿಲ್ಲ.

ಅದಾಗಿ ಹತ್ತೊಂಬತ್ತು ಗಂಟೆ ಕಳೆದಿತ್ತು. ಅವಳು ಕಣ್ಣು ರೆಪ್ಪೆ ಮುಚ್ಚಿರಲಿಲ್ಲ, ಮನೆಯಲ್ಲಿ ಅಮ್ಮನೂ ಮುಚ್ಚಿರಲಿಲ್ಲ. ಬೆಳಿಗ್ಗೆಯಿಂದ ಗ್ಯಾರೇಜು ಗ್ಯಾರೇಜು ಅಲೆದು, ಹನ್ನೊಂದನೆಯ ಗ್ಯಾರೇಜಿನಿಂದ ಹೊರಗೆ ಬರುವ ಹೊತ್ತಿಗೆ ಈ ಕಾರು ಕಣ್ಣೆದುರೇ ಹಾದುಹೋಗಿತ್ತು.

"ತಡೆಯೋಣ್ವಾ?" ದೊಡ್ಡಣ್ಣ ಕೇಳಿದ.

ಅವಳು ಮುಂದಿನ ರಸ್ತೆ ನೋಡಿದಳು. ಇಲಾಖೆಯಲ್ಲಿ ಅವಳನ್ನು ಟೀಚರಮ್ಮ ಅನ್ನುವುದು ಸುಮ್ಮನಲ್ಲ. ಟ್ರೈನಿಂಗ್ ಸ್ಕೂಲಿನಲ್ಲಿ ಒಂಬತ್ತು ವರ್ಷದಿಂದ ಹೊಸ ಹುಡುಗರಿಗೆ ಅವಳು ಕಲಿಸುತ್ತ ಬಂದಿದ್ದು ಇದೊಂದೇ ಪಾಠ: ರಸ್ತೆಯಲ್ಲಿ ಹೋಗುವ ಗಾಡಿಯನ್ನು ಹೇಗೆ ತಡೆಯಬೇಕು, ಅದರ ಹತ್ತಿರ ಹೇಗೆ ಹೋಗಬೇಕು, ಏನು ಮಾತಾಡಬೇಕು. "ತಡೆದವರೂ ತಡೆಸಿಕೊಂಡವರೂ ಇಬ್ಬರೂ ಸಂಜೆ ಮನೆಗೆ ಹೋಗಬೇಕು, ಅಷ್ಟೇ ಕಣ್ರೋ ಈ ಪಾಠ" ಎಂದು ಕರಿಹಲಗೆ ಕುಟ್ಟಿ ಕುಟ್ಟಿ ಹೇಳಿದವಳು. ಆದರೆ ಈ ಒಂಬತ್ತು ವರ್ಷದಲ್ಲಿ ನಿಜವಾದ ರಸ್ತೆಯಲ್ಲಿ ಅವಳು ಒಂದು ಸೈಕಲ್ಲನ್ನೂ ತಡೆದಿರಲಿಲ್ಲ. ಈಗ ಅಂಗೈ ಬೆವರಿ ವೈರ್‌ಲೆಸ್ ಜಾರುತ್ತಿತ್ತು.

"ಇಲ್ಲಿ ಬೇಡ, ತಿರುವಿದೆ. ಹಿಂದೆ ಬರೋ ಲಾರಿಗೆ ನಾವು ಕಾಣಿಸಲ್ಲ. ಸೇತುವೆ ದಾಟಲಿ. ಅಲ್ಲಿ ಸಿಮೆಂಟ್ ಪೈಪು ಜೋಡಿಸಿಟ್ಟಿರೋ ಅಂಗಳ ಇದೆಯಲ್ಲ, ಅದರ ಎದುರು ರಸ್ತೆ ಅಗಲ ಇದೆ."

ಮೊದಲು ಕಂಟ್ರೋಲ್ ರೂಮಿಗೆ ಹೇಳಬೇಕು, ಆಮೇಲೆ ದೀಪ ಮಿನುಗಿಸಬೇಕು. ಈ ಕ್ರಮ ತಪ್ಪಿದ ಹುಡುಗರನ್ನು ಅವಳು ಮೈದಾನ ಸುತ್ತಿಸಿದ್ದಳು.

"ಕಂಟ್ರೋಲ್, ನಾನು ಟ್ರೈನಿಂಗ್ ಸ್ಕೂಲಿನ ಎಸ್ಸೈ ಮಾತಾಡ್ತಿರೋದು."

"ಹೇಳಮ್ಮ ಟೀಚರಮ್ಮ."

ವೈರ್‌ಲೆಸ್ ಮಾಮನ ದನಿ. ಹಗಲು ಪಾಳಿಯಲ್ಲಿ ಇಪ್ಪತ್ತು ವರ್ಷದಿಂದ ಆ ಕುರ್ಚಿ ಬಿಟ್ಟು ಏಳದ ಮನುಷ್ಯ. ಯಾರು ಎಷ್ಟೇ ಕಿರುಚಾಡಲಿ, ಆ ದನಿ ಮಾತ್ರ ಒಂದೇ ಹದ. ಅದನ್ನು ಕೇಳಿ ಅವಳ ಎದೆಬಡಿತ ಒಂದಿಷ್ಟು ತಗ್ಗಿತು.

"ಬೂದು ಕಾರು. ನಂಬರ್ ನಾಲ್ಕು, ಏಳು, ಏಳು, ಒಂದು. ಒಳಗೆ ಒಬ್ಬರೇ ಕಾಣ್ತಿದ್ದಾರೆ. ಹಿಂದಿನ ದೀಪ ಒಡೆದಿದೆ. ಬೈಪಾಸಿನ ಪೈಪ್ ಅಂಗಳದ ಎದುರು ತಡೀತಿದೀನಿ."

"ನಾಲ್ಕು, ಏಳು, ಏಳು, ಒಂದು. ಬರ್ಕೊಂಡೆ." ಹಿಂದೆಯೇ, "ನೀವಿಬ್ಬರೇನಾ?"

"ಇಬ್ಬರೇ ಮಾಮ."

"ಜೋಪಾನ ಕಣಮ್ಮ. ಸಹಾಯಕ್ಕೊಂದು ಗಾಡಿ ಕಳಿಸ್ತೀನಿ, ಅಲ್ಲೇ ಇರಿ."

ದೊಡ್ಡಣ್ಣ ಮೇಲಿನ ದೀಪ ಹಾಕಿ ಹಾರ್ನ್ ಒತ್ತಿದ. ಬೂದು ಕಾರು ಬೆಚ್ಚಿ ಬಿದ್ದಂತೆ ಒಮ್ಮೆ ಬಲಕ್ಕೆ ಹೊರಳಿ, ಮತ್ತೆ ಎಡಕ್ಕೆ ಸರಿದು, ಅಂಗಳದ ತಂತಿಬೇಲಿಯ ಪಕ್ಕ ನಿಂತಿತು. ನಿಲ್ಲಿಸಿದ ರೀತಿ ಮಾತ್ರ ಅಚ್ಚುಕಟ್ಟು. ಇಂಡಿಕೇಟರ್ ಹಾಕಿ, ಬಿಳಿ ಗೆರೆಯಿಂದ ಒಂದು ಮೊಳ ಒಳಗೆ, ಚಕ್ರ ನೇರ. ಕಳ್ಳ ಹೀಗೆ ನಿಲ್ಲಿಸುತ್ತಾನಾ ಎಂದು ಅವಳಿಗೆ ಅನ್ನಿಸಿತು.

ಜೀಪು ಹಿಂದೆ ಒಂದು ಕಾರಿನುದ್ದ ಜಾಗ ಬಿಟ್ಟು ನಿಂತಿತು. ಅರ್ಧ ಗಜ ರಸ್ತೆಯ ಕಡೆಗೆ ಸರಿದೇ ನಿಂತಿತು. ಹಿಂದಿನಿಂದ ಯಾವನಾದರೂ ಕಣ್ಣು ಮುಚ್ಚಿ ಬಂದು ಗುದ್ದಿದರೆ ಮೊದಲು ಜೀಪಿಗೆ ಗುದ್ದಬೇಕು, ನಡೆದು ಹೋಗುವವರಿಗಲ್ಲ.

"ನೀವು ಎಡಗಡೆಯಿಂದ. ಕೈ ಕಾಣೋ ಹಾಗೆ ನಿಂತ್ಕೊಳ್ಳಿ, ಮಾತಾಡಬೇಡಿ. ಮಾತು ನಂದು."

"ಮೇಡಂ, ನಂಗೂ ಪಾಠಾನಾ?"

"ದೊಡ್ಡಣ್ಣ!"

"ಆಯ್ತು, ಆಯ್ತು."

ಅವಳು ಇಳಿದಳು. ಬಿಸಿಲು ಕಣ್ಣಿಗೆ ಚುಚ್ಚಿತು. ಒಂದು ಹೆಜ್ಜೆ. ಹಿಂದಿನ ಡಿಕ್ಕಿಯನ್ನು ಅಂಗೈಯಿಂದ ಒತ್ತಿ ನೋಡಿದಳು, ಭದ್ರವಾಗಿ ಮುಚ್ಚಿತ್ತು. ಹಿಂದಿನ ಸೀಟು ಖಾಲಿ, ಒಂದು ಛತ್ರಿ, ಒಂದು ನೀರಿನ ಬಾಟಲಿ. ಕಾರಿನ ನೆತ್ತಿಯ ಮೇಲೆ ಧೂಳು ಕೂತಿತ್ತು, ಆದರೆ ನಡುವೆ ಒಂದು ಹಲಗೆಯಗಲ ಜಾಗ ಹೊಸದಾಗಿ ತೊಳೆದ ಹಾಗೆ ಹೊಳೆಯುತ್ತಿತ್ತು. ಅದರ ನಾಲ್ಕು ಮೂಲೆಗೂ ತುಕ್ಕು ಹಿಡಿದ ನಾಲ್ಕು ತೂತು.

ಏನನ್ನೋ ಬಿಚ್ಚಿ ತೆಗೆದಿದ್ದಾರೆ. ಅದೂ ನಿನ್ನೆ ಇವತ್ತಿನಲ್ಲಿ.

ಚಾಲಕನ ಬಾಗಿಲಿಗಿಂತ ಒಂದು ಗೇಣು ಹಿಂದೆಯೇ ಅವಳು ನಿಂತಳು. ಅಲ್ಲಿ ನಿಂತರೆ ಅವನು ಕತ್ತು ಹೊರಳಿಸಿಯೇ ನೋಡಬೇಕು, ಬಾಗಿಲು ದಢಾರನೆ ತೆರೆದರೂ ಮೈಗೆ ಬಡಿಯುವುದಿಲ್ಲ.

"ನಮಸ್ಕಾರ. ನಾನು ಪೊಲೀಸ್ ಸಬ್ ಇನ್ಸ್‌ಪೆಕ್ಟರ್. ನಿಮ್ಮ ಗಾಡೀನ ಯಾಕೆ ತಡೆದೆ ಅಂದ್ರೆ, ಹಿಂದಿನ ಬಲಗಡೆ ದೀಪ ಒಡೆದಿದೆ. ಎಂಜಿನ್ ಆರಿಸಿ, ಕೀಲಿ ಮುಂದೆ ಗಾಜಿನ ಹತ್ತಿರ ಇಡಿ. ಕೈ ಸ್ಟೀರಿಂಗ್ ಮೇಲಿರಲಿ."

ಮೊದಲು ಕಾರಣ, ಆಮೇಲೆ ಕಾಗದ. ಯಾಕೆ ನಿಲ್ಲಿಸಿದರು ಅಂತ ಗೊತ್ತಿಲ್ಲದ ಮನುಷ್ಯ ಹೆದರುತ್ತಾನೆ, ಹೆದರಿದವನು ಏನು ಬೇಕಾದರೂ ಮಾಡುತ್ತಾನೆ. ತರಗತಿಯಲ್ಲಿ ಹೇಳುತ್ತಿದ್ದ ಮಾತು ಈಗ ಅವಳಿಗೇ ಅನ್ವಯಿಸುತ್ತಿತ್ತು, ಏಕೆಂದರೆ ಇಬ್ಬರಲ್ಲಿ ಹೆಚ್ಚು ಹೆದರಿದ್ದು ಯಾರು ಎಂದು ಹೇಳುವುದು ಕಷ್ಟವಿತ್ತು.

ಚಾಲಕನಿಗೆ ಅರವತ್ತರ ಹತ್ತಿರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಎಂಜಿನ್ ಆರಿಸಿದ. ಕೀಲಿ ಗಾಜಿನ ಹತ್ತಿರ ಇಟ್ಟು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟ.

ಅವಳ ಕಣ್ಣು ಅವನ ಕಾಲಬುಡಕ್ಕೆ ಹೋಯಿತು. ಅಲ್ಲಿಂದ ಪಕ್ಕದ ಸೀಟಿನ ಕಾಲಬುಡಕ್ಕೆ. ಅಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು.

"ನೀವು ಡ್ರೈವಿಂಗ್ ಕಲಿಸ್ತೀರಾ?"

"ಹೌದು ಮೇಡಂ. ಇಪ್ಪತ್ತಾರು ವರ್ಷದಿಂದ."

"ಮೇಲಿನ ಬೋರ್ಡ್ ಎಲ್ಲಿ ಮೇಷ್ಟ್ರೇ?"

ಮೇಷ್ಟ್ರ ಕಣ್ಣು ಒಮ್ಮೆ ಕಾರಿನ ನೆತ್ತಿಯ ಕಡೆ ಹೋಗಿ ಮತ್ತೆ ಸ್ಟೀರಿಂಗಿಗೆ ಇಳಿಯಿತು.

"ನಿಮ್ಮ ಲೈಸೆನ್ಸ್ ತೋರಿಸಿ. ಎಲ್ಲಿದೆ ಅಂತ ಮೊದಲು ಹೇಳಿ, ಆಮೇಲೆ ಕೈ ಹಾಕಿ."

"ಅಂಗಿ ಜೇಬಲ್ಲಿದೆ." ತೆಗೆದು ಕೊಟ್ಟ. ಕೊಡುವಾಗಲೇ ಮುಖ ಆಚೆ ತಿರುಗಿಸಿಕೊಂಡ.

ಲೈಸೆನ್ಸಿನ ಅವಧಿ ಮುಗಿದು ಎಂಟು ತಿಂಗಳಾಗಿತ್ತು.

ಎಡಗಡೆ ಕಿಟಕಿಯಿಂದ ಇಣುಕಿದ ದೊಡ್ಡಣ್ಣನಿಗೆ ತಡೆಯಲಾಗಲಿಲ್ಲ. "ಊರಿಗೆಲ್ಲ ಲೈಸೆನ್ಸ್ ಕೊಡಿಸೋ ಮೇಷ್ಟ್ರಿಗೇ ಲೈಸೆನ್ಸ್ ಇಲ್ವಾ!"

ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಈಗ ಜೇಬಿನಿಂದ ಗಾಜಿನ ಚೂರು ತೆಗೆದು, ಅಂಗೈ ಮೇಲಿಟ್ಟು, ಕಿಟಕಿಯ ಮುಂದೆ ಹಿಡಿದಳು.

"ಇದು ನಿಮ್ಮ ದೀಪದ್ದು. ನಿನ್ನೆ ಒಬ್ಬ ಹುಡುಗ ನಿಮ್ಮನ್ನ ತಡೆದ. ಟ್ರಾಫಿಕ್ ಕಾನ್‌ಸ್ಟೇಬಲ್. ಅವನು ನನ್ನ ತಮ್ಮ ಮೇಷ್ಟ್ರೇ. ಒಡಹುಟ್ಟಿದವನು. ಎಲ್ಲಿದ್ದಾನೆ?"

ಚಾಲಕ ಕನ್ನಡಕ ತೆಗೆದ. ಕಣ್ಣಲ್ಲಿ ನೀರಿತ್ತು. "ನಾನೇನೂ ಮಾಡಿಲ್ಲ ತಾಯಿ. ರಾತ್ರಿಯೆಲ್ಲ ಬಂದು ಹೇಳೋಣ ಅಂತಾನೇ ಕೂತಿದ್ದೆ. ಆದರೆ ಲೈಸೆನ್ಸ್ ಕೇಳ್ತಾರಲ್ಲ, ಸ್ಕೂಲು ಮುಚ್ಚಿಸ್ತಾರಲ್ಲ, ಕಲಿತು ಹೋದೋರೆಲ್ಲ ಏನಂದ್ಕೋತಾರೆ ಅಂತ ಮಾನಕ್ಕೆ ಅಂಜಿ ಬೋರ್ಡೂ ಬಿಚ್ಚಿಟ್ಟುಬಿಟ್ಟೆ."

"ನಿಮ್ಮ ಮಾನ ಆಮೇಲೆ. ನಡೆದದ್ದು ಹೇಳಿ, ಒಂದೂ ಬಿಡದೆ."

"ಮೂರು ಗಂಟೆ ಹೊತ್ತು. ನಾನು ಸೀಟ್ ಬೆಲ್ಟ್ ಹಾಕಿರಲಿಲ್ಲ. ಕಲಿಯೋರಿಗೆ ದಿನಾ ಬೈತೀನಿ, ನಾನೇ ಹಾಕಲ್ಲ. ಆ ಹುಡುಗ ತಡೆದ. ನೀವು ನಿಂತ ಹಾಗೇನೇ ನಿಂತ, ಸ್ವಲ್ಪ ಹಿಂದಕ್ಕೆ. ನಮಸ್ಕಾರ ಅಂದ, ಯಾಕೆ ತಡೆದೆ ಅಂದ, ಆಮೇಲೆ ಲೈಸೆನ್ಸ್ ಕೇಳಿದ. ಬೈಲಿಲ್ಲ, ಏಕವಚನ ಆಡಲಿಲ್ಲ. ಲೈಸೆನ್ಸ್ ತಗೊಂಡು ಬೈಕ್ ಹತ್ತಿರ ಹೋಗಿ ವೈರ್‌ಲೆಸ್ಸಲ್ಲಿ ಮಾತಾಡಿದ."

ಅವಳು ತಲೆ ಎತ್ತಿದಳು. "ಮಾತಾಡಿದ್ನಾ? ಬರೀ ಕೈಯಲ್ಲಿ ಹಿಡ್ಕೊಂಡಿದ್ನಾ?"

"ಮಾತಾಡಿದ ಮೇಡಂ. ನನ್ನ ನಂಬರ್ ಹೇಳಿದ್ದು ಕಿವಿಯಾರೆ ಕೇಳಿಸ್ಕೊಂಡೆ. ಆ ಕಡೆಯಿಂದ ಯಾರೋ ಆ ನಂಬರನ್ನ ತಿರುಗಿ ಹೇಳಿದ್ರು. ಬರ್ಕೊಂಡೆ ಅಂದ್ರು."

"ಸುಳ್ಳು!"

ಅಷ್ಟು ಜೋರಾಗಿ ಕೂಗಿದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು.

ಬೆಳಿಗ್ಗೆ ಎಂಟಕ್ಕೆ ಅವಳು ಕಂಟ್ರೋಲ್ ರೂಮಿನಲ್ಲಿದ್ದಳು. ಮಾಮನೇ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ರಿಜಿಸ್ಟರ್ ತೆರೆದು ತೋರಿಸಿದ್ದ. ತಮ್ಮನ ಕೊನೆಯ ಮಾತು ಎರಡು ನಲವತ್ತಕ್ಕೆ, ಜಾಸ್ತಿ ಲೋಡಿನ ಒಂದು ಲಾರಿ. ಆಮೇಲೆ ಏನೂ ಇಲ್ಲ. ಅಂದರೆ ತಮ್ಮ ಮುಂದಿನ ಗಾಡಿಯನ್ನು ಹೇಳದೆ ಕೇಳದೆ ತಡೆದಿದ್ದಾನೆ. ಟೀಚರಮ್ಮನ ತಮ್ಮನೇ ಟೀಚರಮ್ಮನ ಪಾಠ ಮರೆತ ಎಂದು ಠಾಣೆಯಲ್ಲಿ ಬೆಳಿಗ್ಗೆಯಿಂದ ಆಡಿಕೊಳ್ಳುತ್ತಿದ್ದರು. ಅವಳೂ ಹಲ್ಲು ಕಚ್ಚಿ ಹಾಗೆಯೇ ನಂಬಿದ್ದಳು.

ಎಂಥ ರಿಜಿಸ್ಟರ್ ಅದು! ಒಂದು ಗೀಚು ಇಲ್ಲ, ಒಂದು ತಿದ್ದುಪಡಿ ಇಲ್ಲ, ಮುತ್ತು ಪೋಣಿಸಿದಂಥ ಅಕ್ಷರ. ಪ್ರತಿ ತಂಡದ ಹುಡುಗರನ್ನೂ ಕರೆದುಕೊಂಡು ಹೋಗಿ, "ದಾಖಲೆ ಅಂದ್ರೆ ಹೀಗಿರಬೇಕು ನೋಡ್ರೋ" ಎಂದು ಅವಳೇ ತೋರಿಸಿದ್ದಳು.

ಅದು ಅಷ್ಟು ಚೊಕ್ಕಟವಾಗಿ ಇರಲು ಕಾರಣವೂ ಅವಳಿಗೆ ಗೊತ್ತಿತ್ತು. ಮಾಮ ವೈರ್‌ಲೆಸ್ಸಿನಲ್ಲಿ ಕೇಳಿದ್ದನ್ನು ಮೊದಲು ಪೆನ್ಸಿಲಿನಲ್ಲಿ ಚೀಟಿಗೆ ಗೀಚಿಕೊಳ್ಳುತ್ತಿದ್ದ. ಗಂಟೆಗೊಮ್ಮೆ ಚೀಟಿಯಿಂದ ರಿಜಿಸ್ಟರಿಗೆ ಶಾಯಿಯಲ್ಲಿ ನಕಲು ಮಾಡುತ್ತಿದ್ದ. ನಕಲಾದ ಮೇಲೆ ಚೀಟಿ ಬುಟ್ಟಿಗೆ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಸಾಹೇಬರು ಬಂದು ಆ ಅಕ್ಷರ ಹೊಗಳಿ ಸಹಿ ಹಾಕಿ ಹೋದರು. ಚೀಟಿ ತೋರಿಸಪ್ಪ ಅಂತ ಒಬ್ಬರೂ ಕೇಳಲಿಲ್ಲ. ಅವಳೂ ಕೇಳಿರಲಿಲ್ಲ.

ಚೀಟಿಯಿಂದ ರಿಜಿಸ್ಟರಿಗೆ ಯಾವುದು ಹೋಗಬೇಕು, ಯಾವುದು ಹೋಗಬಾರದು ಎನ್ನುವುದು ಮಾಮನ ಕೈಯಲ್ಲೇ ಇತ್ತು.

ನಾಲ್ಕು ದಿನದ ಹಿಂದೆ ತಮ್ಮ ಫೋನು ಮಾಡಿದ್ದ. "ಅಕ್ಕಾ, ಒಂದು ವಿಚಿತ್ರ. ಹೋದ ವಾರ ನಾನು ತಡೆದ ಒಂದು ಲಾರಿ ರಿಜಿಸ್ಟರಲ್ಲೇ ಇಲ್ಲ. ನಾನು ಹೇಳಿದ್ದು ಖಂಡಿತ" ಅಂದಿದ್ದ. ಅವಳು ಏನು ಹೇಳಿದ್ದಳು? "ಗೊಣಗೊಣ ಅಂತ ಹೇಳಿರ್ತೀಯ, ಅವರಿಗೆ ಕೇಳಿಸಿರಲ್ಲ. ಆ ರಿಜಿಸ್ಟರ್ ಯಾವತ್ತೂ ತಪ್ಪಲ್ಲ, ತಪ್ಪು ನಿಂದೇ" ಎಂದು ಗದರಿ ಫೋನಿಟ್ಟಿದ್ದಳು. ಅವನು ಅವಳ ಹತ್ತಿರ ಮತ್ತೆ ಆ ಮಾತು ಎತ್ತಲಿಲ್ಲ, ನೇರ ಮಾಮನನ್ನೇ ಕೇಳಿರಬೇಕು.

ಅಯ್ಯೋ, ಒಡಹುಟ್ಟಿದವನ ಮಾತಿಗಿಂತ ಅಕ್ಷರ ದೊಡ್ಡದಾಯಿತಲ್ಲ ನನಗೆ! ಅಲ್ಲೇ ಕಾರಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

"ಮುಂದೆ ಹೇಳಿ ಮೇಷ್ಟ್ರೇ."

"ಆ ಕಡೆಯಿಂದ, ನೀನೊಬ್ನೇನಾ ಅಂತ ಕೇಳಿದ್ರು. ಹುಡುಗ ಒಬ್ಬನೇ ಅಂದ. ಸಹಾಯಕ್ಕೆ ಗಾಡಿ ಕಳಿಸ್ತೀನಿ, ಅಲ್ಲೇ ಇರು ಅಂದ್ರು. ಬೆಲ್ಟ್ ಹಾಕದ ಮುದುಕನ್ನ ಹಿಡಿಯೋಕೆ ಇನ್ನೊಂದು ಗಾಡಿ ಯಾಕೆ ಅಂತ ನನಗೇ ನಗು ಬಂತು."

ಎಡಗಡೆ ದೊಡ್ಡಣ್ಣನ ಮುಖ ಬಿಳಿಚಿಕೊಂಡಿತು. ಅವನೂ ಜೀಪಿನಲ್ಲಿ ಅದೇ ಪ್ರಶ್ನೆ ಕೇಳಿಸಿಕೊಂಡಿದ್ದ.

"ಐದೇ ನಿಮಿಷಕ್ಕೆ ಒಂದು ನೀಲಿ ವ್ಯಾನ್ ಬಂತು. ಮೇಲೆ ಪೊಲೀಸ್ ದೀಪ ಇತ್ತು. ನಮಗೆ ಎದುರಾಗಿ ಬಂದು ಬೈಕಿಗೆ ಅಡ್ಡ ನಿಲ್ತು. ಖಾಕಿ ಹಾಕಿರದ ಒಬ್ಬ ಇಳಿದ. ಹುಡುಗ ಅವನಿಗೆ ಸೆಲ್ಯೂಟ್ ಹೊಡೆದ. ಏನೋ ಮಾತಾಯ್ತು. ಆಮೇಲೆ ಹುಡುಗ ನನ್ನ ಹತ್ತಿರ ಬಂದು ಲೈಸೆನ್ಸ್ ವಾಪಸ್ ಕೊಟ್ಟ. ಮೇಷ್ಟ್ರೇ, ಹೊರಡಿ, ಬೇಗ ಹೊರಡಿ ಅಂದ. ಮುಖದಲ್ಲಿ ರಕ್ತ ಇರಲಿಲ್ಲ ಮೇಡಂ. ನನಗೂ ಕೈಕಾಲು ಆಡಲಿಲ್ಲ, ರಿವರ್ಸ್ ಹಾಕಿಬಿಟ್ಟೆ, ಹಿಂದೆ ಕಲ್ಲುಕಂಬಕ್ಕೆ ಹೊಡೀತು. ಹಂಗೇ ಮುಂದಕ್ಕೆ ತಿರುಗಿಸಿ ಓಡಿದೆ."

"ಅವನು? ನನ್ನ ತಮ್ಮ?"

"ಕನ್ನಡಿಯಲ್ಲಿ ನೋಡಿದೆ. ವ್ಯಾನ್ ಹತ್ತಿದ. ಯಾರೂ ಕೈ ಹಿಡಿದು ಎಳೀಲಿಲ್ಲ, ತಾನಾಗೇ ಹತ್ತಿದ."

ನಡೆದು ಹತ್ತಿದ್ದಾನೆ. ಅಂದರೆ ನಿನ್ನೆ ಮೂರು ಕಾಲಿಗೆ ಜೀವಂತ ಇದ್ದ. ಅವಳಿಗೆ ಸ್ವಲ್ಪ ಧೈರ್ಯ ಬಂತು. ಮರುಕ್ಷಣವೇ ಹೊಸ ಚಿಂತೆ ಕೊರೆಯಿತು, ತಾನಾಗಿ ಯಾಕೆ ಹತ್ತಿದ?

"ದೊಡ್ಡಣ್ಣ, ಈ ಬೈಪಾಸಿನ ಚಾನೆಲ್ಲು ಬೇರೆ ಯಾರಿಗೆ ಕೇಳುತ್ತೆ?"

"ಇಲ್ಲಿ ಗಸ್ತು ತಿರುಗೋನಿಗೆ, ಮಾಮನಿಗೆ. ಮೂರನೆಯವರಿಗಿಲ್ಲ." ದೊಡ್ಡಣ್ಣ ತುಟಿ ಒರೆಸಿಕೊಂಡ. "ಮೇಡಂ, ಮಾಮ ಅಂಥೋನಲ್ಲ. ನನ್ನ ಮಗಳ ಮದುವೇಲಿ ಊಟ ಬಡಿಸೋಕೆ ನಿಂತೋನು. ಈ ಮೇಷ್ಟ್ರು ಕಥೆ ಕಟ್ತಿರಬಹುದು."

"ನೀನೊಬ್ನೇನಾ ಅಂತ ಕೇಳಿದ್ದನ್ನ ಹೇಗೆ ಕಟ್ತಾರೆ? ಅದನ್ನ ನಮಗೂ ಕೇಳಿದ್ರಲ್ಲ ಈಗಷ್ಟೇ!"

ದೊಡ್ಡಣ್ಣನ ಕೈ ತನ್ನ ಸೊಂಟಕ್ಕೆ ಸಿಕ್ಕಿಸಿದ್ದ ಇನ್ನೊಂದು ವೈರ್‌ಲೆಸ್ಸಿನ ಮೇಲೆ ಹೋಯಿತು. ಅವಳಿಗೆ ಒಂದು ಗಳಿಗೆ ಅವನ ಮೇಲೂ ಅನುಮಾನ ಹರಿಯಿತು. ಮಾಮನ ಜೊತೆ ಇಪ್ಪತ್ತು ವರ್ಷದ ಒಡನಾಟ, ಒಂದು ಗುಂಡಿ ಒತ್ತಿದರೆ ಸಾಕು. ಆ ಯೋಚನೆಗೆ ಅವಳಿಗೇ ನಾಚಿಕೆಯಾಯಿತು, ಆದರೂ ಕೈ ಚಾಚಿದಳು.

"ಅದನ್ನ ಇಲ್ಲಿ ಕೊಡಿ."

ದೊಡ್ಡಣ್ಣ ಅವಳ ಮುಖವನ್ನೇ ನೋಡಿದ. ಅವನಿಗೆ ಅರ್ಥವಾಗಿತ್ತು, ನೋವೂ ಆಗಿತ್ತು. ಸೊಂಟದಿಂದ ಬಿಚ್ಚಿ ಕೊಟ್ಟ.

"ತಪ್ಪು ತಿಳೀಬೇಡಿ."

"ನಿಮ್ಮ ಜಾಗದಲ್ಲಿ ನಾನಿದ್ರೂ ಕೇಳ್ತಿದ್ದೆ. ಈಗ ಇಲ್ಲಿಂದ ಹೊರಡೋಣ ಮೇಡಂ. ಅಲ್ಲೇ ಇರಿ ಅಂದನಲ್ಲ ಅವನು, ಅದಕ್ಕೇ ಇರಬಾರದು."

ಹೊರಡಬೇಕು, ನಿಜ. ಆದರೆ ಬರುತ್ತಿರುವ ಗಾಡಿ ಅದೇ ನೀಲಿ ವ್ಯಾನ್ ಆಗಿದ್ದರೆ? ತಮ್ಮನ ಸುಳಿವು ಬೇರೆಲ್ಲೂ ಇಲ್ಲ, ಅದರೊಳಗೇ ಇದೆ. ಓಡಿಹೋದರೆ ಇದ್ದ ಒಂದು ಎಳೆಯೂ ಕಡಿಯಿತು. ನಿಂತರೆ ಈ ಮುದುಕ ಮೇಷ್ಟ್ರ ಜೀವಕ್ಕೆ ಯಾರು ಹೊಣೆ? ನಡೆದದ್ದನ್ನು ಕಣ್ಣಾರೆ ಕಂಡವನು ಇವನೊಬ್ಬನೇ.

"ಮೇಷ್ಟ್ರೇ, ಇಳೀರಿ. ಎಡಗಡೆ ಬಾಗಿಲಿಂದ ಇಳಿದು ಬೇಲಿ ದಾಟಿ ಆ ದೊಡ್ಡ ಪೈಪುಗಳ ಹಿಂದೆ ಹೋಗಿ ಕೂತ್ಕೊಳ್ಳಿ. ನಾನು ಕರೆಯೋವರೆಗೂ ತಲೆ ಎತ್ತಬೇಡಿ. ದೊಡ್ಡಣ್ಣ, ನೀವು ಇವರ ಜೊತೆ ಇರಿ."

"ನಿಮ್ಮನ್ನ ಒಬ್ಬರನ್ನೇ ಬಿಟ್ಟಾ? ಆಗಲ್ಲ."

"ಪಾಠದಲ್ಲಿ ಇದೂ ಇದೆ ದೊಡ್ಡಣ್ಣ. ಮೂರನೆಯವರನ್ನ ಮೊದಲು ರಸ್ತೆಯಿಂದ ದೂರ ಕಳಿಸಬೇಕು. ಹೋಗಿ, ದಮ್ಮಯ್ಯ."

ಬೆನ್ನು ಹಿಡಿದುಕೊಂಡು, ಶಪಿಸುತ್ತ, ಮೇಷ್ಟ್ರ ರಟ್ಟೆ ಹಿಡಿದು ದೊಡ್ಡಣ್ಣ ಬೇಲಿ ದಾಟಿದ. ಅವರಿಬ್ಬರೂ ಪೈಪಿನ ಮರೆಗೆ ಸರಿಯುವುದಕ್ಕೂ ಸೇತುವೆಯ ಮೇಲೆ ನೀಲಿ ಬಣ್ಣ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

ವ್ಯಾನು ಅವಸರವಿಲ್ಲದೆ ಬಂತು. ಅವಳು ಜೀಪಿನ ಹಿಂದೆ ಬಂದು, ಬಲಗೈ ಎತ್ತಿ, ಅಂಗೈ ಅಗಲಿಸಿ ನಿಂತಳು. ತಡೆಯುತ್ತಿರುವುದು ಇಲಾಖೆಯ ಗಾಡಿಯನ್ನು. ಇದನ್ನು ಹೇಗೆ ತಡೆಯಬೇಕು ಎಂದು ಅವಳು ಯಾರಿಗೂ ಕಲಿಸಿರಲಿಲ್ಲ, ಅವಳಿಗೂ ಯಾರೂ ಕಲಿಸಿರಲಿಲ್ಲ. ಕಂಟ್ರೋಲಿಗೆ ಹೇಳುವಂತಿಲ್ಲ. ಒಳಗೆ ಎಷ್ಟು ಜನ ಎಂದು ಗೊತ್ತಿಲ್ಲ.

ವ್ಯಾನು ನಿಂತಿತು. ಜೀಪಿನ ಹಿಂದೆ ಒಂದು ಕಾರಿನುದ್ದ ಜಾಗ ಬಿಟ್ಟು, ಅರ್ಧ ಗಜ ರಸ್ತೆಯ ಕಡೆಗೆ ಸರಿದು.

ಮುಂದಿನ ಗಾಜಿನ ಮೇಲೆ ಬಿಸಿಲು ಹೊಳೆದು ಒಳಗೆ ಯಾರು ಕೂತಿದ್ದಾರೆ ಎಂದು ಕಾಣಲಿಲ್ಲ. ಅವಳು ಬದಿಗೆ ಸರಿದು, ಒಂದೊಂದೇ ಹೆಜ್ಜೆ ಇಟ್ಟು, ಚಾಲಕನ ಕಿಟಕಿಯ ಹತ್ತಿರ ಹೋದಳು.

"ನಮಸ್ಕಾರ. ನಿಮ್ಮ ಗಾಡೀನ ಯಾಕೆ ತಡೆದೆ ಅಂದ್ರೆ..."

ಅವಳು ಕಿಟಕಿಯೊಳಗೆ ಇಣುಕಿದಳು.

ಸ್ಟೀರಿಂಗ್ ಹಿಡಿದು ಕೂತಿದ್ದವನು ತಮ್ಮ.

ನಿನ್ನೆಯದೇ ಖಾಕಿ, ಮುದುಡಿಹೋಗಿತ್ತು. ತುಟಿ ಒಡೆದಿತ್ತು. ಅವನು ಅವಳ ಕಡೆ ತಿರುಗಲಿಲ್ಲ, ನೇರ ರಸ್ತೆಯನ್ನೇ ನೋಡುತ್ತಿದ್ದ. ವ್ಯಾನಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಬದುಕಿದೀಯಲ್ಲೋ!" ಅವಳು ಕಿಟಕಿಗೆ ಕೈ ಹಾಕಿ ಅವನ ಭುಜ ಹಿಡಿದಳು. ಎಲ್ಲ ಪಾಠವೂ ಮರೆತುಹೋಗಿತ್ತು. "ಇಳಿಯೋ, ಇಳಿ ಕೆಳಗೆ. ಯಾರೂ ಇಲ್ವಲ್ಲ, ನಡಿ ಹೋಗೋಣ."

"ಆಗಲ್ಲ ಅಕ್ಕಾ." ಅವನ ತುಟಿ ಮಾತ್ರ ಅಲುಗಿತು. "ಆ ಡ್ರೈವಿಂಗ್ ಮೇಷ್ಟ್ರನ್ನ ನನ್ನ ಜೊತೆ ಕಳಿಸು. ಅವರನ್ನ ಕರ್ಕೊಂಡು ಹೋಗೋಕೆ ನನ್ನನ್ನ ಕಳಿಸಿದ್ದಾರೆ. ಹತ್ತೇ ನಿಮಿಷ ಟೈಮು."

"ತಲೆ ಕೆಟ್ಟಿದೆಯಾ? ಯಾಕೆ ಕಳಿಸಲಿ? ನಿನಗೆ ಯಾರ ಭಯ ಈಗ? ಅಕ್ಕ ಇದೀನಲ್ಲೋ ಇಲ್ಲೇ!"

ಆಗ ಅವನು ತಿರುಗಿದ. ಇಪ್ಪತ್ನಾಲ್ಕು ವರ್ಷದ ಮುಖ ಒಂದೇ ದಿನಕ್ಕೆ ಸೊರಗಿಹೋಗಿತ್ತು.

"ಮನೆಗೆ ಫೋನ್ ಮಾಡು" ಅಂದ.

ಅವಳು ಫೋನ್ ತೆಗೆದಳು. ಮನೆಯ ನಂಬರ್ ಒತ್ತಿದಳು. ಗಂಟೆ ಒಮ್ಮೆ ಹೊಡೆಯಿತು, ಎರಡು ಸಲ, ಮೂರು ಸಲ. ಆ ಕಡೆ ಯಾರೋ ಎತ್ತಿಕೊಂಡರು.

"ಎಲ್ಲಿದೀಯೇ?" ಅಮ್ಮನ ದನಿ. ನಿನ್ನೆಯಿಂದ ಅತ್ತು ಅತ್ತು ಗೊಗ್ಗರಾಗಿದ್ದ ಗಂಟಲಿನಲ್ಲಿ ಈಗ ಸಂತೋಷವಿತ್ತು. "ತಮ್ಮ ಸಿಕ್ಕಿದ್ನಂತೆ ಕಣೆ! ನಿಮ್ಮ ಇಲಾಖೆಯವರೇ ಬಂದು ಹೇಳಿದ್ರು. ಪಾಪ, ಮಧ್ಯಾಹ್ನದವರೆಗೂ ಇಲ್ಲೇ ಇರ್ತಾರಂತೆ. ಟೀ ಕೊಟ್ಟಿದೀನಿ."

"ಎಷ್ಟು ಜನ ಇದ್ದಾರಮ್ಮ?"

"ಇಬ್ಬರು. ಒಬ್ಬರು ಕೂತಿದ್ದಾರೆ. ಇನ್ನೊಬ್ಬರು ಬಾಗಿಲ ಹತ್ತಿರಾನೇ ನಿಂತಿದ್ದಾರೆ, ಚಿಲಕ ಹಾಕ್ಕೊಂಡು. ಎಷ್ಟು ಹೇಳಿದ್ರೂ ಕೂರ್ತಾನೇ ಇಲ್ಲ ಕಣೆ."